ಟ್ರಯಥ್ಲಾನ್‌ಗೆ ನನ್ನ ಹಳೇ ಸೈಕಲ್ ಸಜ್ಜು ಮಾಡಿಕೊಟ್ಟ ವಾಸ್ಕೋದ ಅಂಗಡಿ

ಅಂಗಡಿಗೆ ಬೋರ್ಡ್ ಇಲ್ಲ. ಗೋವಾದ ವಾಸ್ಕೋದಿಂದ ಬೈನಾ ಕಡೆ ಇಳಿಯುವ ರಸ್ತೆಯಲ್ಲಿ ನೀಲಿ ತಗಡಿನ ಮಾಡು, ಮುಂದೆ ನೇತು ಹಾಕಿದ ಹಳೇ ಟೈರುಗಳು. ಅಷ್ಟೇ ಗುರುತು. ನಡೆಸುವವರು ಗದಗ ಕಡೆಯ ಒಬ್ಬ ಕಾಕಾ. ನಾನು ಹಾವೇರಿಯವಳು, ಇಲ್ಲಿ ಬಂದರಿನ ಹತ್ತಿರ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುತ್ತೇನೆ. ಹನ್ನೊಂದು ವರ್ಷದಿಂದ ಅದೇ ರಸ್ತೆಯಲ್ಲಿ ಓಡಾಡಿದರೂ ಈ ಅಂಗಡಿಯೊಳಗೆ ಕಾಲಿಟ್ಟಿದ್ದು ಕಳೆದ ಜನವರಿಯಲ್ಲಿ.

ಫೆಬ್ರವರಿಯಲ್ಲಿ ಪಣಜಿಯ ಮಿರಾಮಾರ್ ಬೀಚಿನಲ್ಲಿ ನಡೆಯುವ ಸ್ಪ್ರಿಂಟ್ ಟ್ರಯಥ್ಲಾನ್‌ಗೆ ಹೆಸರು ಕೊಟ್ಟಿದ್ದೆ. 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ, ಮೂರೂ ಒಂದರ ಹಿಂದೆ ಒಂದು. ಈಜಿನ ಭಯ ಇರಲಿಲ್ಲ. ಚಿಕ್ಕವಳಿದ್ದಾಗ ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿಕೊಂಡು ವರದಾ ನದಿಯಲ್ಲಿ ಕಲಿತವಳು. ಭಯ ಇದ್ದದ್ದು ಸೈಕಲ್ಲಿನದು. ಏಳು ವರ್ಷದ ಹೈಬ್ರಿಡ್ ಸೈಕಲ್, ವಾಸ್ಕೋದ ಉಪ್ಪುಗಾಳಿ ತಿಂದು ತುಕ್ಕು ಹಿಡಿದಿತ್ತು. ಏರಿನಲ್ಲಿ ಎದ್ದು ನಿಂತು ತುಳಿದರೆ ಚೈನ್ ಟಕ್ ಅಂತ ಹಾರುತ್ತಿತ್ತು. ಒಂದು ಸಲ ಹಾಗೆ ಹಾರಿ ಮೊಣಕಾಲು ಹ್ಯಾಂಡಲ್‌ಗೆ ಬಡಿದು ಒಂದು ವಾರ ಕುಂಟಿದ್ದೆ.

ಮೊದಲು ದೊಡ್ಡ ಶೋರೂಮ್ ಒಂದಕ್ಕೆ ತೆಗೆದುಕೊಂಡು ಹೋದೆ. ಸೈಕಲನ್ನು ಸರಿಯಾಗಿ ನೋಡಲೂ ಇಲ್ಲ. ಪೆಡಲ್ ಹತ್ತಿರದ ಮುಂದಿನ ಹಲ್ಲಿನ ಚಕ್ರ, ಹಿಂದಿನ ಹಲ್ಲಿನ ಚಕ್ರ, ಚೈನ್, ಗೇರು ಎಲ್ಲ ಬದಲಿಸಬೇಕು, 8,500 ರೂಪಾಯಿ ಆಗುತ್ತದೆ, ಅದರ ಬದಲು ಹೊಸದೇ ತಗೊಳ್ಳಿ ಅಂದರು. ಬೇಜಾರಾಗಿ ತಳ್ಳಿಕೊಂಡು ವಾಪಸ್ ಬಂದೆ.

ಕಾಕಾ ಮಾಡಿದ ಮೊದಲ ಕೆಲಸ ಅಳೆಯುವುದು. 12 ಇಂಚಿನ ಸ್ಟೀಲ್ ಪಟ್ಟಿ ತೆಗೆದು ಚೈನ್ ಮೇಲೆ ಇಟ್ಟರು. ಒಂದೊಂದು ಕೊಂಡಿ ಅರ್ಧ ಇಂಚು. ಹೊಸ ಚೈನ್ ಆದರೆ 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು, ಪಿನ್ನಿನ ಮೇಲೇ ಪಟ್ಟಿಯ ಗೆರೆ ಕೂರಬೇಕು. ನನ್ನದರಲ್ಲಿ ಪಿನ್ನು ಗೆರೆ ದಾಟಿ ಇಂಚಿನ ಎಂಟನೇ ಒಂದು ಪಾಲಿನಷ್ಟು ಆಚೆ ಹೋಗಿತ್ತು. ನನ್ನನ್ನು ಬಗ್ಗಿಸಿ ತೋರಿಸಿದರು.

“ನೋಡ್ರಿ ಅಕ್ಕಾರ, ಇದರ ಅರ್ಧ ಸವದಾಗನ ತಂದಿದ್ರ ಚೈನ್ ಒಂದ ಹೋಗ್ತಿತ್ತು. ಈಗ ಹಿಂದಿನ ಫ್ರೀವೀಲ್ ಹಲ್ಲೂ ತಿಂದೈತಿ. ಮುಂದಿನ ಹಲ್ಲಿನ ಚಕ್ರ ಗಟ್ಟಿ ಐತಿ, ಅದಕ್ಕ ಯಾಕ ರೊಕ್ಕ ಹಾಕ್ತೀರಿ?”

ಫ್ರೀವೀಲ್ ಅಂದರೆ ಹಿಂದಿನ ಗಾಲಿಯ ಹಲ್ಲಿನ ಚಕ್ರ. ಅದರ ಹಳೇ ಹಲ್ಲಿನ ಮೇಲೆ ಬರೀ ಹೊಸ ಚೈನ್ ಹಾಕಿದರೆ ಅದೂ ಹಾರುತ್ತದಂತೆ. ಹಾಗಾಗಿ ಎರಡನ್ನೂ ಬದಲಿಸಿದರು. ಚೈನ್ 650, ಫ್ರೀವೀಲ್ 750, ಬ್ರೇಕ್ ರಬ್ಬರ್ 200, ಪೆಡಲ್ 300, ಕೂಲಿ 400. ಒಟ್ಟು 2,300 ರೂಪಾಯಿ. ಕೂಲಿಯಲ್ಲೇ ಎರಡೂ ಗಾಲಿಯ ಔಟ್, ಅಂದರೆ ಓಲಾಟ, ತೆಗೆದರು. ಆ ಕೆಲಸ ನೋಡುತ್ತಾ ಅರ್ಧ ಗಂಟೆ ಸುಮ್ನೆ ನಿಂತಿದ್ದೆ. ಒಂದೊಂದು ಕಡ್ಡಿಯನ್ನೂ ಬೆರಳಿನಿಂದ ಮೀಟಿ ಸದ್ದು ಕೇಳುತ್ತಾರೆ. ಸದ್ದು ದಪ್ಪಗಿದ್ದರೆ ಕಡ್ಡಿ ಸಡಿಲ. ಆಗ ಕಾಲು ಸುತ್ತು ಬಿಗಿಮಾಡಿ ಮತ್ತೆ ಮೀಟುತ್ತಾರೆ.

ಪೆಡಲ್ ಬದಲಿಸಿದ್ದು ಅವರದೇ ಯೋಚನೆ. ಟ್ರಯಥ್ಲಾನ್ ಅಂದರೆ ಏನು ಅಂತ ಕೇಳಿದರು, ಹೇಳಿದೆ. “ನೀರಾಗಿಂದ ಎದ್ದ ಬಂದು ಹಂಗ ಸೈಕಲ್ ಹತ್ತತೀರೇನ್ರಿ? ಹಂಗಾದ್ರ ಈ ಪ್ಲಾಸ್ಟಿಕ್ ಪೆಡಲ್ ಬ್ಯಾಡ, ಒದ್ದಿ ಬೂಟು ಜಾರತೈತಿ” ಅಂತ ಹೇಳಿ ಹಲ್ಲಿರುವ ಕಬ್ಬಿಣದ ಪೆಡಲ್ ಹಾಕಿದರು.

ಇನ್ನೊಂದು ವಿಷಯ, ಮೊದಲ ಸಲ ಸ್ಪರ್ಧೆಗೆ ಹೋಗುವವರಿಗೆ ಗೊತ್ತಿರಲೇಬೇಕು. ಹ್ಯಾಂಡಲ್ಲಿನ ತುದಿ ತೆರೆದಿರಬಾರದು. ಬಿದ್ದರೆ ಆ ಕೊಳವೆ ಮೈಗೆ ಚುಚ್ಚಿಕೊಳ್ಳುತ್ತದೆ, ಅದಕ್ಕೇ ಈ ನಿಯಮ. ನನ್ನ ಹಿಡಿಕೆಯ ರಬ್ಬರ್ ಒಂದು ಕಡೆ ಸವೆದು ಕೊಳವೆ ಬಾಯಿ ಕಾಣುತ್ತಿತ್ತು. ಅಂಗಡಿಯಲ್ಲಿ ಅದರ ಬಿರಡೆ ಇರಲಿಲ್ಲ. ಗೋವಾ ಅಲ್ವಾ, ಪಕ್ಕದ ಬಾರಿನಿಂದ ವೈನ್ ಬಾಟಲಿಯ ಕಾರ್ಕ್ ತರಿಸಿ, ಚಾಕುವಿನಿಂದ ಕೆತ್ತಿ, ಗಟ್ಟಿಯಾಗಿ ಒತ್ತಿ, ಮೇಲೆ ಟೇಪ್ ಸುತ್ತಿದರು. ಸ್ಪರ್ಧೆಯ ಹಿಂದಿನ ದಿನ ತಪಾಸಣೆಯವರು ಬ್ರೇಕ್ ಒತ್ತಿ ನೋಡಿದರು, ಹ್ಯಾಂಡಲ್ ತುದಿಗೆ ಹೆಬ್ಬೆರಳು ಒತ್ತಿ ನೋಡಿದರು, ಸ್ಟಿಕ್ಕರ್ ಅಂಟಿಸಿ ಒಳಗೆ ಬಿಟ್ಟರು.

ಸ್ಪರ್ಧೆಯ ದಿನ ಈಜಿಗೆ 24 ನಿಮಿಷ ಹಿಡಿಯಿತು. ಮಿರಾಮಾರ್ ಇರುವುದು ಮಾಂಡೋವಿ ನದಿ ಸಮುದ್ರ ಸೇರುವ ಬಾಯಲ್ಲಿ, ಅಲೆ ಸ್ವಲ್ಪ ಜಾಸ್ತಿಯೇ ಇತ್ತು. ದಡಕ್ಕೆ ಬಂದು ಮೊದಲು ಹೆಲ್ಮೆಟ್ಟಿನ ಬಕಲ್ ಹಾಕಿಕೊಂಡೆ. ಅದನ್ನು ಹಾಕದೆ ಸ್ಟ್ಯಾಂಡಿನಿಂದ ಸೈಕಲ್ ತೆಗೆಯುವ ಹಾಗಿಲ್ಲ. ದೋನಾ ಪಾವ್ಲಾ ಕಡೆ ಏರು ಬಂದಾಗ ಎದೆ ಹೊಡೆದುಕೊಂಡಿತು. ಮೊಣಕಾಲಿನ ಆ ಪೆಟ್ಟು ಇನ್ನೂ ನೆನಪಿತ್ತು. ಆದರೂ ಎದ್ದು ನಿಂತು ಪೂರ್ತಿ ಭಾರ ಹಾಕಿ ತುಳಿದೆ. ಚೈನ್ ಹಾರಲಿಲ್ಲ. ಎರಡನೇ ಸುತ್ತಿನಲ್ಲೂ ಹಾರಲಿಲ್ಲ. ಅಲ್ಲಿಂದ ಮುಂದೆ ನಾನು ಸೈಕಲ್ ಬಗ್ಗೆ ಯೋಚಿಸಲೇ ಇಲ್ಲ. 20 ಕಿಲೋಮೀಟರ್ 49 ನಿಮಿಷದಲ್ಲಿ ಮುಗಿಯಿತು. ಓಡಲು ಇಳಿದಾಗ ಕಾಲು ಕಟ್ಟಿಗೆಯ ಹಾಗಿದ್ದವು. ಒಟ್ಟು 1 ಗಂಟೆ 55 ನಿಮಿಷ. ನನಗೆ ಬಹಳ ಖುಷಿಯಾಯಿತು.

ಕೊರತೆಗಳನ್ನೂ ಹೇಳಬೇಕು. ಎರಡು ದಿನದ ಕೆಲಸ ಅಂದಿದ್ದರು, ಐದು ದಿನ ತೆಗೆದುಕೊಂಡರು. ನಡುವೆ ಮೂರು ಸಲ ಹೋಗಿ ಬಂದೆ. ಬಿಲ್ ಕೊಡುವುದಿಲ್ಲ. ಎಣ್ಣೆ ತುಂಬಿದ ಡಿಸ್ಕ್ ಬ್ರೇಕ್, ಟ್ಯೂಬ್‌ಲೆಸ್ ಟೈರು, ಕಾರ್ಬನ್ ಸೈಕಲ್ ಇವನ್ನು ಮುಟ್ಟುವುದಿಲ್ಲ. ಅದನ್ನು ಅವರೇ ಮೊದಲೇ ಹೇಳಿಬಿಡುತ್ತಾರೆ. ಇನ್ನು ಸೀಟ್. ಕೆಲಸಕ್ಕೆ ಅಂತ ಇಳಿಸಿದವರು ವಾಪಸ್ ಹಾಕುವಾಗ ಒಂದು ಇಂಚು ಕೆಳಗೆ ಹಾಕಿದ್ದರು. ಎರಡು ದಿನ ಮೊಣಕಾಲು ನೋಯಿತು, ಆಮೇಲೆ ಗೊತ್ತಾಯಿತು. ನೀವು ಸೈಕಲ್ ಬಿಡುವಾಗ ಸೀಟಿನ ಕೊಳವೆಗೆ ಟೇಪ್ ಸುತ್ತಿ ಗುರುತು ಮಾಡಿ.

ಸ್ಪರ್ಧೆಯ ಮಾರನೇ ಸಂಜೆಯೇ ಸೈಕಲ್ ತರಬೇಕು ಅಂತ ಹೇಳಿ ಕಳಿಸಿದ್ದರು. ಮೈಯಿಂದ ಇಳಿದ ಸಮುದ್ರದ ನೀರು ಚೈನಿನೊಳಗೆ ಕೂತರೆ ವಾರದಲ್ಲಿ ತುಕ್ಕು ಹಿಡಿಯುತ್ತದೆ. ಹೋದೆ. ಸೈಕಲ್ ತಲೆಕೆಳಗೆ ಮಾಡಿ ಎರಡು ಬಕೆಟ್ ಸಿಹಿನೀರು ಸುರಿದರು, ಬಟ್ಟೆಯಿಂದ ಒರೆಸಿದರು. ಆಮೇಲೆ ಇಂಜೆಕ್ಷನ್ ಸಿರಿಂಜಿನಲ್ಲಿ ಎಣ್ಣೆ ತುಂಬಿ, ಪೆಡಲ್ ನಿಧಾನ ತಿರುಗಿಸುತ್ತಾ ಪ್ರತಿ ಪಿನ್ನಿಗೂ ಒಂದೊಂದೇ ಹನಿ ಬಿಟ್ಟರು. ಸ್ವಲ್ಪ ಹೊತ್ತು ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆದರು. ಹೊರಗೆ ಉಳಿದರೆ ಮಣ್ಣು ಹಿಡಿಯುತ್ತದಂತೆ. ಇದಕ್ಕೆ 50 ರೂಪಾಯಿ.

ಮುಂದಿನ ಸಲ ಒಲಿಂಪಿಕ್ ದೂರಕ್ಕೆ ಹೋಗುತ್ತೇನೆ ಕಾಕಾ, 40 ಕಿಲೋಮೀಟರ್ ಸೈಕಲ್ ಇರುತ್ತದೆ ಅಂದೆ. ಅವರು ಸೀಟಿನ ಮೇಲೆ ಕೈಯಿಟ್ಟು ಒತ್ತಿ ನೋಡಿದರು.

“ನಲವತ್ತ? ಹಂಗಾದ್ರ ಮೊದಲ ಈ ಸೀಟ್ ಬದಲಿ ಮಾಡೂಣ್ರಿ ಅಕ್ಕಾರ.”