ಜೈಸಲ್ಮೇರಿನ ಹಳದಿ, ಕೋಲಾರದ ಪ್ರಿಂಟು

ಕೋಲಾರದಲ್ಲೇ ದೊಡ್ಡ ಸೈಜಿನ ಫೋಟೋ ಪ್ರಿಂಟ್ ಆಗಬೇಕು, ಬಣ್ಣವೂ ಕೆಡಬಾರದು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಳೇ ಬಸ್ ಸ್ಟ್ಯಾಂಡಿನಿಂದ ಐದು ನಿಮಿಷದ ನಡಿಗೆ, ಮಹಡಿ ಮೇಲೆ ಒಂದು ಪುಟ್ಟ ಸ್ಟುಡಿಯೋ. ಮಾಲೀಕರು ಅರವತ್ತು ದಾಟಿದವರು, ಒಬ್ಬರೇ ಕೆಲಸ ಮಾಡುತ್ತಾರೆ. "ಹೆಸರು ಹಾಕ್ಬೇಡಿ ಟೀಚರಮ್ಮ, ಜನ ಜಾಸ್ತಿಯಾದ್ರೆ ನನ್ ಕೈಲಿ ಆಗಲ್ಲ" ಎಂದರು. ಅದಕ್ಕೇ ಹೆಸರು ಹಾಕಿಲ್ಲ. ಬೇಕಾದವರು ಕೇಳಿದರೆ ದಾರಿ ಹೇಳುತ್ತೇನೆ.

ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವಳು. ಸಂಕ್ರಾಂತಿ ಮುಗಿದ ಮೇಲೆ ಅಕ್ಕನ ಜೊತೆ ರಾಜಸ್ಥಾನದ ಮರಳುಗಾಡಿನ ಊರು ಜೈಸಲ್ಮೇರ್‌ಗೆ ಹೋಗಿದ್ದೆ. ಬೆಂಗಳೂರಿನಿಂದ ಜೋಧಪುರದವರೆಗೆ ರೈಲು, ಅಲ್ಲಿಂದ ಇನ್ನೊಂದು ರೈಲು. ಐದು ದಿನ ಇದ್ದೆವು. ಜನವರಿಯಲ್ಲಿ ನಮ್ಮಲ್ಲಿ ಏಳು ಗಂಟೆಯೊಳಗೆ ಬಿಸಿಲು ಬಂದಿರುತ್ತದೆ. ಅಲ್ಲಿ ಸೂರ್ಯ ಹುಟ್ಟುವಾಗಲೇ ಏಳೂವರೆ. ಮೊದಲ ದಿನ ಕತ್ತಲಲ್ಲೇ ಎದ್ದು ಶಾಲು ಹೊದ್ದು, ಗಡಿಸರ್ ಕೆರೆ ದಂಡೆಯಲ್ಲಿ ಒಂದು ಗಂಟೆ ನಡುಗುತ್ತ ಕೂತಿದ್ದೆವು. ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ.

1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಊರು ಅದು. ಕೋಟೆ, ಹವೇಲಿ ಅನ್ನುವ ಸಿರಿವಂತರ ದೊಡ್ಡ ಮನೆ, ಜೈನ ಬಸದಿ, ಸಾಮಾನ್ಯರ ಮನೆ, ಎಲ್ಲವೂ ಒಂದೇ ಹಳದಿ ಕಲ್ಲು. ನಮ್ಮ ಕೋಲಾರ ಬೆಟ್ಟದ ಬೂದು ಬಂಡೆ ನೋಡಿಕೊಂಡೇ ಬೆಳೆದ ಕಣ್ಣಿಗೆ ಅದು ಎರಡು ದಿನ ಒಗ್ಗಲೇ ಇಲ್ಲ. ಬಿಸಿಲು ತಾಕಿದ ಮೊದಲ ಹತ್ತು ನಿಮಿಷ ಆ ಗೋಡೆ ಹೊಸ ಬೆಲ್ಲದ ಅಚ್ಚಿನ ಹಾಗಿರುತ್ತದೆ. ಮಧ್ಯಾಹ್ನ ಬಿಳಚಿಕೊಂಡು ಅವಲಕ್ಕಿ ಬಣ್ಣಕ್ಕೆ ಬರುತ್ತದೆ. ಸಂಜೆ ಮತ್ತೆ ಕಾಯಿಸಿದ ತುಪ್ಪ. ಮಕ್ಕಳಿಗೆ ಬಣ್ಣ ಬೆರೆಸುವುದನ್ನು ಹೇಳಿಕೊಡುವವಳಾಗಿ ಹೇಳುತ್ತೇನೆ, ಯೆಲ್ಲೋ ಓಕರ್ ಟ್ಯೂಬ್ ಒಂದರಿಂದಲೇ ಅದು ಬರುವುದಿಲ್ಲ. ಚಿಟಿಕೆ ಕೆಂಪು ಬೇಕು, ಎಲ್ಲೋ ಒಂದು ಕಡೆ ಹಸಿರೂ ಬೇಕು.

ಆ ಕೋಟೆಯೊಳಗೆ ಇವತ್ತಿಗೂ ಸಾವಿರಾರು ಜನ ಸಂಸಾರ ಮಾಡಿಕೊಂಡಿದ್ದಾರೆ. ರಾಜಸ್ಥಾನದ ಆರು ಗಿರಿದುರ್ಗಗಳನ್ನು 2013ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ ಅದರಲ್ಲಿತ್ತು. ಆದರೆ ಒಳಗೆ ಹೋದರೆ ಕಾಣುವುದು ಒಗೆದು ಹರವಿದ ಬಟ್ಟೆ, ಕಟ್ಟೆ ಮೇಲೆ ಒಣಗುವ ಹಪ್ಪಳ, ಸ್ಕೂಟರ್, ದನ, ಶಾಲೆಗೆ ಓಡುವ ಮಕ್ಕಳು. ಮನೆ ಬಾಗಿಲ ಪಕ್ಕದ ಗೋಡೆಗಳ ಮೇಲೆ ಗಣೇಶನ ಚಿತ್ರ ಬಿಡಿಸಿ, ಕೆಳಗೆ ಹುಡುಗ ಹುಡುಗಿಯ ಹೆಸರು, ಮದುವೆಯ ತಾರೀಖು ಬರೆದಿರುತ್ತಾರೆ. ನಾವು ಲಗ್ನಪತ್ರಿಕೆ ಅಚ್ಚು ಹಾಕಿಸಿ ಹಂಚುತ್ತೇವೆ. ಅಲ್ಲಿ ಗೋಡೆಯೇ ಲಗ್ನಪತ್ರಿಕೆ. ಮದುವೆ ಆಗಿ ವರ್ಷಗಳಾದರೂ ಅಳಿಸುವುದಿಲ್ಲ, ಬಿಸಿಲಿಗೆ ತಾನಾಗಿ ಮಾಸುತ್ತದೆ. ಕೋಟೆಗಿಂತ ಜಾಸ್ತಿ ಫೋಟೋ ನಾನು ತೆಗೆದಿದ್ದು ಆ ಗಣೇಶಗಳದ್ದು.

ಪಟ್ವಾ ಹವೇಲಿಯ ಹತ್ತಿರ ಒಬ್ಬ ಮಾಂಗಣಿಯಾರ್ ಅಜ್ಜ ಕಮಾಯ್ಚಾ ನುಡಿಸುತ್ತಿದ್ದರು. ಮಾಂಗಣಿಯಾರರು ಮುಸ್ಲಿಮರು. ತಲೆತಲಾಂತರದಿಂದ ರಜಪೂತ ಯಜಮಾನರ ಮನೆಯ ಮದುವೆಗೆ, ಮಗು ಹುಟ್ಟಿದ್ದಕ್ಕೆ ಹಾಡುತ್ತ ಬಂದವರು. ಕಮಾಯ್ಚಾ ಅಂದರೆ ಗುಂಡನೆಯ ಮರದ ಹೊಟ್ಟೆಗೆ ಆಡಿನ ಚರ್ಮ ಬಿಗಿದು, ಕಮಾನಿನಿಂದ ನುಡಿಸುವ ವಾದ್ಯ. ಪಕ್ಕದಲ್ಲಿ ಮೊಮ್ಮಗ ಖಡ್ತಾಲ್ ಅನ್ನುವ ಮರದ ತಾಳ ಹಿಡಿದು ಕೂತಿದ್ದ. ಕೈಸನ್ನೆಯಲ್ಲಿ ಕೇಳಿ, ಅವರು ಹೂಂ ಅಂದ ಮೇಲೆ ಕ್ಯಾಮೆರಾ ಎತ್ತಿದೆ. ತೆಗೆದಾದ ಮೇಲೆ ಮೊಮ್ಮಗ ತನ್ನ ಹಿಂದಿಯಲ್ಲಿ ಒಂದು ಮಾತು ಹೇಳಿದ: ಎಷ್ಟೋ ಜನ ತೆಗೀತಾರೆ, ಕಳಿಸ್ತೀನಿ ಅಂತಾರೆ, ಒಂದೂ ಬಂದಿಲ್ಲ. ಅಲ್ಲೇ ವಿಳಾಸ ಬರೆದುಕೊಂಡೆ. ಪ್ರಿಂಟಿನ ಬಗ್ಗೆ ನಾನು ಇಷ್ಟು ತಲೆ ಕೆಡಿಸಿಕೊಂಡಿದ್ದು ಆ ಮಾತಿಗೆ.

ಊರಿಗೆ ಬಂದು ಮೊದಲು ಬೆಂಗಳೂರಿನ ಒಂದು ಲ್ಯಾಬಿಗೆ ಆನ್‌ಲೈನಿನಲ್ಲಿ ಹದಿನಾಲ್ಕು ಫೋಟೋ ಕಳಿಸಿದೆ. ಮೂರೇ ದಿನಕ್ಕೆ ಬಂತು, ಪ್ಯಾಕಿಂಗ್ ಗಟ್ಟಿಯಾಗಿತ್ತು. ಬಿಚ್ಚಿ ನೋಡಿದರೆ ಕೋಟೆ ಸುಣ್ಣ ಬಳಿದಂತಿದೆ. ನೆರಳಿನಲ್ಲೆಲ್ಲ ನೀಲಿ. ಅಜ್ಜನ ಮುಖ ತೊಳೆದ ಹಾಗೆ ಬೆಳ್ಳಗೆ, ಕೆನ್ನೆಯ ಮೇಲೆ ಒಂದು ಗೆರೆ ಉಳಿದಿಲ್ಲ. ಫೋನ್ ಮಾಡಿದರೆ, "ಮುಖ ಎಲ್ಲಾ ಬ್ರೈಟ್ ಮಾಡಿ ಕೊಟ್ಟಿದೀವಿ ಮೇಡಂ, ಅದಕ್ಕೆ ಎಕ್ಸ್‌ಟ್ರಾ ಚಾರ್ಜ್ ಹಾಕಿಲ್ಲ" ಎಂದರು. ನನಗೆ ಸಿಟ್ಟಿಗಿಂತ ಸಂಕಟವಾಯಿತು. ಇದನ್ನು ಅವರಿಗೆ ಕಳಿಸುವುದು ಹೇಗೆ? ಅದು ಅವರ ಮುಖವೇ ಅಲ್ಲ.

ಆಮೇಲೆ ಈ ಸ್ಟುಡಿಯೋದ ಮೆಟ್ಟಿಲು ಹತ್ತಿದೆ. ಪೆನ್‌ಡ್ರೈವ್ ಜೊತೆ, ಕೋಟೆಯ ಅಂಗಡಿಯಲ್ಲಿ ಕೊಂಡ ಅಂಗೈ ಅಗಲದ ಹಳದಿ ಕಲ್ಲಿನ ಬಟ್ಟಲನ್ನೂ ಒಯ್ದೆ. ಬಾಯಲ್ಲಿ ಹೇಳಿದರೆ ಬಣ್ಣ ಅರ್ಥವಾಗುವುದಿಲ್ಲ ಅಂತ ಅನಿಸಿತ್ತು.

"ಯಾವೂರ ಕಲ್ಲು ಟೀಚರಮ್ಮ ಇದು?" ಅಂತ ಕೈಗೆ ತಗೊಂಡು, ಹೆಬ್ಬೆರಳಿಂದ ಉಜ್ಜಿ ನೋಡಿದರು. ಬೆಂಗಳೂರಿನ ಪ್ರಿಂಟ್ ತೋರಿಸಿದೆ. ಮೆಷಿನ್‌ನಲ್ಲಿ ಆಟೋ ಕರೆಕ್ಷನ್ ಬಿಟ್ಟಿದ್ದಾರೆ ಅಂದರು. ಫೋಟೋ ತುಂಬ ಹಳದಿ ಇದ್ದರೆ ಅದು ಬಲ್ಬಿನ ಬೆಳಕಿನ ದೋಷ ಅಂದುಕೊಂಡು ಮೆಷಿನ್ ನೀಲಿ ಸುರಿಯುತ್ತದಂತೆ. ಊರಿಗೆ ಊರೇ ಹಳದಿ ಅಂತ ಅದಕ್ಕೆ ಗೊತ್ತಾಗುವುದು ಹೇಗೆ?

ಅವರು ಕೋಟೆಯ ಫೋಟೋದಿಂದ ಬೆರಳಗಲದ ಮೂರು ಪಟ್ಟಿ ತೆಗೆದರು. ಮೂರಕ್ಕೂ ಹಳದಿ ಒಂದೊಂದು ಹದ. ಹಿಂದೆ ಪೆನ್ಸಿಲಿನಲ್ಲಿ ನಂಬರ್ ಹಾಕಿ, ಹತ್ತು ನಿಮಿಷ ಒಣಗಲಿ, ಹಸಿಯಲ್ಲಿ ಬಣ್ಣ ಮೋಸ ಮಾಡುತ್ತೆ ಎಂದರು. ಆಮೇಲೆ ಟ್ಯೂಬ್‌ಲೈಟ್ ಆರಿಸಿ, ಕಿಟಕಿ ತೆರೆದು, ಪಟ್ಟಿಗಳನ್ನು ಸಾಲಾಗಿಟ್ಟು ಒಂದೊಂದರ ಮೇಲೂ ಬಟ್ಟಲು ಇಟ್ಟು ನೋಡಿದರು. ಎರಡನೆಯದರಲ್ಲಿ ಬಟ್ಟಲಿನ ಅಂಚು ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಅನ್ನುವುದು ಅರೆಕ್ಷಣ ಗೊತ್ತಾಗಲಿಲ್ಲ. ಇಬ್ಬರೂ ಮಾತಾಡಲಿಲ್ಲ. ಅವರು ಆ ನಂಬರಿಗೆ ಸುತ್ತು ಹಾಕಿದರು.

ಅಜ್ಜನ ಫೋಟೋಗೆ ಇನ್ನೂ ಹೊತ್ತು ಹಿಡಿಯಿತು. "ಈ ಯಜಮಾನ್ರ ಬಣ್ಣ ಹಿಂಗೇ ಇತ್ತಾ?" ಅಂತ ಕೇಳಿದರು. ಇಲ್ಲಣ್ಣ, ಇನ್ನೂ ಕಪ್ಪು ಎಂದೆ. ಒಂದು ಹಂತ ಇಳಿಸಿದರು. ಆಗ ಕಣ್ಣಿನ ಪಕ್ಕದ ಗೆರೆಗಳು ಬಂದವು, ರುಮಾಲಿನ ಮಡಿಕೆಯಲ್ಲಿದ್ದ ಧೂಳು ಬಂತು, ಕಮಾನು ಹಿಡಿದ ಬೆರಳಿನ ಗೆಣ್ಣು ಬಂತು. ಮದುವೆ ಫೋಟೋ ತೆಗೆಸಿದವರೆಲ್ಲ ಮುಖ ಬೆಳ್ಳಗೆ ಮಾಡಿ ಅಂತಲೇ ಕೇಳುತ್ತಾರೆ, ಕಪ್ಪು ಮಾಡಿ ಅಂದವರು ನೀವೇ ಮೊದಲು ಅಂದರು. ಕಪ್ಪು ಮಾಡಿ ಅಂತಲ್ಲ, ಇದ್ದ ಹಾಗೆ ಮಾಡಿ ಅಂತ ನಾನು ಹೇಳಿದ್ದು. ನಮ್ಮ ಊರಿನ ಹೆಣ್ಣುಮಕ್ಕಳ ಆಲ್ಬಮ್ಮುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ದಯವಿಟ್ಟು ಮೊದಲೇ ಹೇಳಿ ಮಾಡಿಸಿ.

ಕಾಗದದ ವಿಷಯದಲ್ಲಿ ಅವರ ಮಾತು ಕೇಳಿದ್ದು ಒಳ್ಳೆಯದಾಯಿತು. ಕಲ್ಲು, ಮರಳು, ಮುಖಕ್ಕೆ ಮ್ಯಾಟ್. ಗಡಿಸರ್ ಕೆರೆಯ ಫೋಟೋಗೆ ಮಾತ್ರ ಗ್ಲಾಸಿ, ನೀರಿನ ಹೊಳಪು ಉಳಿಯಲಿ ಅಂತ. ನೀರ ನಡುವೆ ನಿಂತ ಮಂಟಪಗಳನ್ನು ನೋಡಿ ಅವರು ಮೊದಲು ಕೇಳಿದ್ದು, "ಮರಳುಗಾಡಲ್ಲಿ ಇಷ್ಟು ನೀರು ಎಲ್ಲಿಂದ?" ಅಂತ. ಕೋಲಾರದವರು ಕೇಳದೆ ಇರುವ ಪ್ರಶ್ನೆಯಲ್ಲ. ಅದು ಮಳೆ ನೀರು ಹಿಡಿಯಲು ಕಟ್ಟಿದ ಕೆರೆ, ಊರಿಗೆಲ್ಲ ನೂರಾರು ವರ್ಷ ಕುಡಿಯುವ ನೀರು ಅದರದ್ದೇ ಎಂದೆ. ಈಗ ಕೊಳಾಯಿ ಇದೆ. ಆದರೆ ಕೋಟೆಯೊಳಗೆ ಬಳಸಿ ಬಿಟ್ಟ ನೀರು ಗುಡ್ಡದ ಮಣ್ಣಿಗೆ ಇಳಿದು ಬುರುಜುಗಳು ಕುಸಿದದ್ದೂ ಉಂಟು ಎಂದಾಗ, ನೀರಿಲ್ಲದಿದ್ದರೂ ಕಷ್ಟ, ಬಂದರೂ ಕಷ್ಟ ಅಂತ ತಲೆ ಆಡಿಸಿದರು.

ನನ್ನ ತಪ್ಪುಗಳನ್ನೂ ಅವರೇ ತೋರಿಸಿದರು. ಸುಮಾರು 40 ಕಿ.ಮೀ. ದೂರದ ಸಮ್ ಮರಳು ದಿಬ್ಬದ ಫೋಟೋಗಳೆಲ್ಲ ಮಂಕು. ಮರಳು ತುಂಬ ಹೊಳೆಯುವುದರಿಂದ ಕ್ಯಾಮೆರಾ ಹೆದರಿ ಬೆಳಕು ತಗ್ಗಿಸುತ್ತದೆ, ಅಂಥ ಕಡೆ ಎಕ್ಸ್‌ಪೋಷರ್, ಅಂದರೆ ಒಳಗೆ ಬಿಡುವ ಬೆಳಕನ್ನು, ಮುಕ್ಕಾಲು ಇಲ್ಲವೇ ಒಂದು ಸ್ಟಾಪ್ (ಬೆಳಕಿನ ಒಂದು ಹಂತ) ಏರಿಸಿಕೊಳ್ಳಬೇಕು. ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ ಡೇಲೈಟಿಗೆ ಇಡಬೇಕು. ನನ್ನದು 24 ಮೆಗಾಪಿಕ್ಸೆಲ್ ಕ್ಯಾಮೆರಾ, 12×18 ಇಂಚಿಗೆ ಧಾರಾಳ. ಆದರೆ ವಾಟ್ಸಾಪಿನಲ್ಲಿ ಬಂದ ಫೋಟೋ ತಂದರೆ ಅವರು ದೊಡ್ಡ ಸೈಜ್ ಮಾಡಿಕೊಡುವುದೇ ಇಲ್ಲ. ಒರಿಜಿನಲ್ ಫೈಲ್ ಒಯ್ಯಿರಿ.

ಕೊರತೆಗಳೂ ಇವೆ. ನಾಲ್ಕು ದಿನ ಅಂದದ್ದು ಹನ್ನೊಂದು ದಿನ ಆಯಿತು. ಮೆಟ್ಟಿಲು ಕಡಿದು, ಮಂಡಿನೋವಿನವರಿಗೆ ಆಗದು. ಪ್ರಿಂಟುಗಳನ್ನು ಪೇಪರಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟರು, ಒಂದರ ಅಂಚು ಮುದುಡಿತ್ತು. ಕೇಳಿದ ಕೂಡಲೇ ಬೇರೆ ಮಾಡಿಕೊಟ್ಟರು, ಆದರೂ ನೀವು ರಟ್ಟಿನ ಕೊಳವೆ ಜೊತೆಗೊಯ್ಯುವುದು ವಾಸಿ. ಆಲ್ಬಮ್ ಬೈಂಡಿಂಗ್ ಇಲ್ಲ. 12×18 ಮ್ಯಾಟಿಗೆ ನನಗೆ 220 ರೂಪಾಯಿ ಹಾಕಿದರು, ಪಟ್ಟಿಗಳಿಗೆ ದುಡ್ಡು ತಗೊಳ್ಳಲಿಲ್ಲ. ಬೆಂಗಳೂರಿನದಕ್ಕಿಂತ ಸ್ವಲ್ಪ ಜಾಸ್ತಿಯೇ. ನಾನು ಮತ್ತೆ ಅಲ್ಲಿಗೇ ಹೋಗುತ್ತೇನೆ.

ಅಜ್ಜನ ಪ್ರಿಂಟನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆ. ಮುಟ್ಟಿದ ದಿನ ಮೊಮ್ಮಗ ವಾಟ್ಸಾಪಿನಲ್ಲಿ ಒಂದು ಫೋಟೋ ಹಾಕಿದ. ಮನೆಯ ಗೋಡೆಗೆ ಪ್ರಿಂಟು ಒರಗಿಸಿ, ಪಕ್ಕದಲ್ಲಿ ಕಮಾಯ್ಚಾ ಇಟ್ಟು, ಅಜ್ಜ ಕೂತಿದ್ದಾರೆ. ಮರುದಿನ ಸ್ಕೂಲು ಬಿಟ್ಟ ಮೇಲೆ ಸ್ಟುಡಿಯೋಗೆ ಹೋಗಿ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ, ಎರಡು ಬೆರಳಿಂದ ದೊಡ್ಡದು ಮಾಡಿ, ಪ್ರಿಂಟಿನೊಳಗಿನ ಗೋಡೆಯನ್ನೂ ಅದರ ಹಿಂದಿನ ಮನೆಯ ಗೋಡೆಯನ್ನೂ ಬಹಳ ಹೊತ್ತು ನೋಡಿದರು. "ಹೊಂದ್ತು ಬಿಡಿ" ಎಂದರು.

ಗಣೇಶನ ಗೋಡೆಗಳ ಆರು ಪ್ರಿಂಟು ಇನ್ನೂ ಬಾಕಿ. ಬಟ್ಟಲು ಅಲ್ಲೇ ಕಿಟಕಿಯ ಮೇಲೆ ಬಿಟ್ಟು ಬಂದಿದ್ದೇನೆ.