ಹೊರಗಿನ ಡ್ರೈವ್‌ಗೆ ಲಿನಕ್ಸ್ ಹಾಕುವ ಮೊದಲು ಇದನ್ನು ಓದಿ

ಲ್ಯಾಪ್‌ಟಾಪ್‌ನ ವಿಂಡೋಸ್ ಮುಟ್ಟದೆ, ಯುಎಸ್‌ಬಿ ಎಸ್‌ಎಸ್‌ಡಿಯಲ್ಲಿ ಲಿನಕ್ಸ್ ಹಾಕಿಕೊಳ್ಳೋಣ ಅಂತಿದ್ದೀರಾ? ಒಳ್ಳೆಯದೇ. ಆದರೆ 'ಹೊರಗಿನ ಡ್ರೈವ್ ಆರಿಸಿದರೆ ಸಾಕು, ಒಳಗಿನದಕ್ಕೆ ಏನೂ ಆಗಲ್ಲ' ಅನ್ನುವ ಮಾತನ್ನು ಮಾತ್ರ ನಂಬಬೇಡಿ.

ನಾನು ಹೀಗೆ ಲಿನಕ್ಸ್ ಹಾಕಿದ್ದು ನಾನೂ ತಂಗಿಯೂ ಬಳಸುವ ಲ್ಯಾಪ್‌ಟಾಪ್‌ನಿಂದ. ಇನ್‌ಸ್ಟಾಲ್ ಮಾಡುವಾಗ ಹೊರಗಿನ ಎಸ್‌ಎಸ್‌ಡಿಯನ್ನೇ ಆರಿಸಿದ್ದೆ. ಬೂಟ್‌ಲೋಡರ್ (ಕಂಪ್ಯೂಟರ್ ಆನ್ ಮಾಡಿದಾಗ ಲಿನಕ್ಸನ್ನೋ ವಿಂಡೋಸನ್ನೋ ಶುರು ಮಾಡುವ ಪುಟ್ಟ ಪ್ರೋಗ್ರಾಂ) ಎಲ್ಲಿ ಹಾಕಲಿ ಅಂತ ಕೇಳಿದಾಗಲೂ ಅದನ್ನೇ ತೋರಿಸಿದ್ದೆ. ಲಿನಕ್ಸ್ ಚೆನ್ನಾಗಿಯೇ ಓಡಿತು. ಮಾರನೆ ದಿನ ಎಸ್‌ಎಸ್‌ಡಿ ಕಿತ್ತುಕೊಂಡು ಕೆಲಸಕ್ಕೆ ಹೋದೆ. ತಂಗಿ ಲ್ಯಾಪ್‌ಟಾಪ್ ಆನ್ ಮಾಡಿದರೆ ಕಪ್ಪು ಪರದೆ, ಅದರಲ್ಲಿ 'ಗ್ರಬ್' ಅನ್ನುವ ಪದ ಬಿಟ್ಟರೆ ಬೇರೇನಿಲ್ಲ. ಅವತ್ತೇ ಅವಳು ಪ್ರಾಜೆಕ್ಟ್ ರಿಪೋರ್ಟ್ ಕೊಡಬೇಕಿತ್ತು. "ಅಣ್ಣಾ, ನನ್ನ ಫೈಲೆಲ್ಲಾ ಹೋಯ್ತಾ?" ಅಂತ ಅಳುತ್ತಾ ಫೋನ್ ಮಾಡಿದಳು.

ಫೈಲುಗಳು ಹೋಗಿರಲಿಲ್ಲ. ಗ್ರಬ್ ಅಂದರೆ ಲಿನಕ್ಸ್‌ನ ಬೂಟ್‌ಲೋಡರ್. ಯುಇಎಫ್‌ಐ (ಕಂಪ್ಯೂಟರನ್ನು ಶುರು ಮಾಡುವ ಮೂಲ ಸಾಫ್ಟ್‌ವೇರ್) ಇರುವ ಈಗಿನ ಕಂಪ್ಯೂಟರುಗಳಲ್ಲಿ ಬೂಟ್ ಫೈಲುಗಳಿಗೆಂದೇ ಇಎಸ್‌ಪಿ ಅನ್ನುವ ಪುಟ್ಟ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಇರುತ್ತದೆ. ಕೆಲವು ಇನ್‌ಸ್ಟಾಲರ್‌ಗಳು ನೀವು ಯಾವ ಡ್ರೈವ್ ಹೇಳಿದರೂ ಮೊದಲು ಕಣ್ಣಿಗೆ ಬಿದ್ದ ಇಎಸ್‌ಪಿಯಲ್ಲೇ ಗ್ರಬ್ ಹಾಕುತ್ತವೆ. ಅದು ಸಾಮಾನ್ಯವಾಗಿ ವಿಂಡೋಸ್ ಇರುವ ಒಳಗಿನ ಡಿಸ್ಕಿನದು. ಯಾವುದು ಮೊದಲು ಶುರುವಾಗಬೇಕು ಅನ್ನುವ ಪಟ್ಟಿಯಲ್ಲೂ, ಅಂದರೆ ಬೂಟ್ ಆರ್ಡರ್‌ನಲ್ಲೂ, ಲಿನಕ್ಸ್ ಮೊದಲಿಗೆ ಬಂದು ಕೂರುತ್ತದೆ. ಗ್ರಬ್‌ಗೆ ಬೇಕಾದ ಉಳಿದ ಫೈಲುಗಳಿರುವುದು ಮಾತ್ರ ಹೊರಗಿನ ಡ್ರೈವ್‌ನಲ್ಲಿ. ಅದನ್ನು ಕಿತ್ತರೆ ಗ್ರಬ್ ಮುಂದೆ ಹೋಗಲಾರದೆ ನಿಂತುಬಿಡುತ್ತದೆ. ಬಳಸುವವರಿಗೆ ಒಂದು ಮಾತೂ ಹೇಳದೆ ಹೀಗೆ ಮಾಡುವುದು ನನ್ನ ಪ್ರಕಾರ ದೊಡ್ಡ ತಪ್ಪು.

ನಿಮಗೂ ಹೀಗಾಗಿದ್ದರೆ ಗಾಬರಿಯಿಂದ ಏನನ್ನೂ ಫಾರ್ಮ್ಯಾಟ್ ಮಾಡಬೇಡಿ. ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತಿ, 'ವಿಂಡೋಸ್ ಬೂಟ್ ಮ್ಯಾನೇಜರ್' ಆರಿಸಿ. ಆಮೇಲೆ ಬಯಾಸ್‌ಗೆ (ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳ ಪರದೆಗೆ) ಹೋಗಿ ಬೂಟ್ ಆರ್ಡರ್‌ನಲ್ಲಿ ಅದನ್ನೇ ಮೊದಲಿಗಿಡಿ. ತಂಗಿಗೆ ಫೋನಿನಲ್ಲೇ ಇದನ್ನು ಹೇಳಿ ಮಾಡಿಸಿದೆ.

ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕಿಡುವ ವಿಂಡೋಸ್ ಸೌಲಭ್ಯ) ಇದ್ದರೆ ಇನ್ನೂ ಜಾಸ್ತಿ ಹುಷಾರಾಗಿರಿ. ಬೂಟ್ ದಾರಿ ಬದಲಾದರೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಸಿಗದಿದ್ದರೆ ಡಿಸ್ಕಿನಲ್ಲಿದ್ದದ್ದು ಹೋದ ಹಾಗೇ. ಲಿನಕ್ಸ್ ಹಾಕುವ ಮೊದಲೇ ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬೇಕಾದ ಫೈಲುಗಳ ಬ್ಯಾಕಪ್ಪೂ ಇರಲಿ.

ಎಲ್ಲಕ್ಕಿಂತ ಭದ್ರವಾದ ದಾರಿ ಅಂದರೆ ಇನ್‌ಸ್ಟಾಲ್ ಮುಗಿಯುವವರೆಗೆ ಒಳಗಿನ ಡಿಸ್ಕ್ ಕಾಣದಂತೆ ಮಾಡುವುದು. ಡೆಸ್ಕ್‌ಟಾಪ್ ಆದರೆ ಕಂಪ್ಯೂಟರ್ ಆಫ್ ಮಾಡಿ ಡಿಸ್ಕಿನ ಕೇಬಲ್ ತೆಗೆದರಾಯಿತು. ಲ್ಯಾಪ್‌ಟಾಪ್ ಬಿಚ್ಚುವುದು ಬೇಡ ಅನ್ನುವವರು ಲೈವ್ ಲಿನಕ್ಸ್‌ನ (ಇನ್‌ಸ್ಟಾಲ್ ಮಾಡದೆಯೇ ಓಡಿಸುವ ಲಿನಕ್ಸ್) ಜಿಪಾರ್ಟೆಡ್ ಅನ್ನುವ ಪಾರ್ಟಿಷನ್ ಪ್ರೋಗ್ರಾಂನಲ್ಲಿ ಒಳಗಿನ ಇಎಸ್‌ಪಿಯ 'ಬೂಟ್' ಮತ್ತು 'ಇಎಸ್‌ಪಿ' ಫ್ಲ್ಯಾಗ್ (ಅದು ಬೂಟ್ ಪಾರ್ಟಿಷನ್ ಅಂತ ತೋರಿಸುವ ಗುರುತು) ತೆಗೆಯಬಹುದು. ಹೊರಗಿನ ಡ್ರೈವ್‌ನಲ್ಲಿ 512 ಎಂಬಿಯ ಬೇರೆ ಇಎಸ್‌ಪಿ ಮಾಡಿಕೊಳ್ಳಿ. ಕೆಲಸ ಮುಗಿದ ಮೇಲೆ ತೆಗೆದ ಫ್ಲ್ಯಾಗ್‌ಗಳನ್ನು ಮತ್ತೆ ಹಾಕಲೇಬೇಕು, ಮರೆಯಬೇಡಿ.

ಒಳಗಿನ ಇಎಸ್‌ಪಿಯಲ್ಲಿ ಈಗಾಗಲೇ ಸೇರಿಕೊಂಡಿರುವ ಲಿನಕ್ಸ್ ಫೋಲ್ಡರನ್ನು ಅಳಿಸುವ ಅವಸರವೂ ಬೇಡ. ಹೊರಗಿನ ಡ್ರೈವ್ ಬೇರೊಂದು ಕಂಪ್ಯೂಟರಿನಲ್ಲಿ ತಾನಾಗಿ ಬೂಟ್ ಆಗುತ್ತದಾ ಅಂತ ಮೊದಲು ನೋಡಿಕೊಳ್ಳಿ.