ಇಂಗ್ಲೆಂಡಿನ ಅಲಾಟ್‌ಮೆಂಟ್ ತೋಟ: ಹೊಸಬರು ಬಾಡಿಗೆಗೆ ಹಿಡಿಯಬಹುದೇ?

ಇಂಗ್ಲೆಂಡಿನ ಕೌನ್ಸಿಲ್‌ಗಳು ತರಕಾರಿ ಬೆಳೆಯಲೆಂದು ನಿವಾಸಿಗಳಿಗೆ ವರ್ಷದ ಬಾಡಿಗೆಗೆ ಕೊಡುವ ಅಲಾಟ್‌ಮೆಂಟ್ ಜಮೀನಿಗೆ 1908ರ ಕಾಯ್ದೆಯ ಆಧಾರವಿದೆ. ಸಾಂಪ್ರದಾಯಿಕ ಅಳತೆಯ ಪೂರ್ಣ ತುಂಡು ಸುಮಾರು 250 ಚದರ ಮೀಟರ್ ಇರುತ್ತದೆ. ನೌಕರಿಗೆ ಹೋಗಿಬರುವ ಹೊಸಬರಿಗೆ ಅದು ಅತಿಯಾಯಿತು, ನಮ್ಮಂತೆ ಅರ್ಧ ತುಂಡು ಕೇಳುವುದೇ ಲೇಸು.

ಬಾಡಿಗೆ ಹೊರೆಯೆನಿಸಲಿಲ್ಲ, ಕಾಯುವ ಪಟ್ಟಿ ಮಾತ್ರ ಉದ್ದ. ಈ ಸೇವೆಯ ದೊಡ್ಡ ಕೊರತೆಯೆಂದರೆ, ಹಿಂದಿನವರು ಬಿಟ್ಟುಹೋದ ಕಳೆಯನ್ನು ತೆಗೆಸದೆಯೇ ಗೇಟಿನ ಬೀಗದ ಕೈ ಒಪ್ಪಿಸಿದ್ದು. ಕೌಚ್ ಹುಲ್ಲಿನ ಬಿಳಿ ಬೇರು ಶ್ಯಾವಿಗೆಯಂತೆ ಮಣ್ಣೊಳಗೆ ಹೆಣೆದುಕೊಂಡಿರುತ್ತದೆ; ಗುದ್ದಲಿಯಿಂದ ಕಡಿದರೆ ತುಂಡುಗಳೆಲ್ಲ ಮತ್ತೆ ಚಿಗುರುವುದರಿಂದ, ತೋಟದ ಫೋರ್ಕ್‌ನಿಂದ ಮಣ್ಣು ಸಡಿಲಿಸಿ ಬೇರನ್ನು ಇಡಿಯಾಗಿ ಎಳೆಯಬೇಕು. ಮೊದಲ ವರ್ಷ ಒಂದು ಭಾಗವನ್ನಷ್ಟೇ ಅಗೆದು, ಉಳಿದ ನೆಲಕ್ಕೆ ಬೆಳಕು ನುಗ್ಗದ ಕಪ್ಪು ಹೊದಿಕೆ ಹಾಸಿಡುವುದು ಸೊಂಟಕ್ಕೂ ಒಳ್ಳೆಯದು.

ನಮ್ಮ ತೋಟದಲ್ಲಿ ನೀರಿಗೆ ತೊಟ್ಟಿಗಳಿವೆ, ಆದರೆ ಪೈಪು ಬಳಸುವಂತಿಲ್ಲ, ಕ್ಯಾನಿನಲ್ಲೇ ಹೊರಬೇಕು. ಮೇ ತಿಂಗಳಲ್ಲೂ ಕೆಲವು ರಾತ್ರಿ ನೆಲ ಹೆಪ್ಪುಗಟ್ಟುವಷ್ಟು ಚಳಿಯಿರುವುದರಿಂದ ಹುರುಳಿಕಾಯಿ, ಕುಂಬಳದ ಸಸಿಗಳನ್ನು ಅವಸರದಿಂದ ಹೊರಗೆ ನೆಡಬಾರದು. ಆಲೂಗಡ್ಡೆ, ಬೀಟ್‌ರೂಟ್ ಹೊಸಬರನ್ನು ಕೈಬಿಡುವುದಿಲ್ಲ. ಬೇಸಿಗೆಯಲ್ಲಿ ಅಡುಗೆಮನೆಯ ಡಬ್ಬಿಯ ಮೆಂತ್ಯವನ್ನೇ ಚೆಲ್ಲಿದರೂ ಸೊಗಸಾದ ಸೊಪ್ಪು ಬರುತ್ತದೆ. ಪಕ್ಕದ ತುಂಡಿನ ಹಿರಿಯರು ಅದನ್ನು ಕಳೆಯೆಂದೇ ಭಾವಿಸಿದ್ದರು.

ಒಟ್ಟಾರೆ, ವಾರಕ್ಕೆ ಎರಡು ಸಂಜೆ ಬಿಡುವಿರುವವರು ಧೈರ್ಯವಾಗಿ ಹೆಸರು ಬರೆಸಬಹುದು. ಶರತ್ಕಾಲದಲ್ಲಿ ಜಾಗ ಸಿಕ್ಕಿದರೂ ಚಿಂತೆಯಿಲ್ಲ, ಅಕ್ಟೋಬರ್‌–ನವೆಂಬರ್‌ನಲ್ಲಿ ಬೆಳ್ಳುಳ್ಳಿ ಊರಬಹುದು.